ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಕ್ಲಾಸಾದ ದಿನವೇ ಸಂಜೆ ನೋಟ್ಸ್ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯುವುದು. ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಬಿ.ಎಸ್ಸಿ. ಓದಿದ ಅಷ್ಟೂ ಸೆಮಿಸ್ಟರ್ ನನ್ನ ಅಭ್ಯಾಸ ನಿಂತದ್ದು ಇದೊಂದರ ಮೇಲೆ. ಉಳಿದದ್ದೆಲ್ಲ ಇದರ ಸುತ್ತ ಕಟ್ಟಿಕೊಂಡದ್ದು.

ಗಡಿಯಾರ ನೋಡಿ ಹತ್ತು ನಿಮಿಷ, ನೀಲಿ ಪೆನ್ನು. ವಾಕ್ಯ ಸರಿಯಿರಬೇಕಿಲ್ಲ, ಚಿತ್ರ, ಬಾಣ, ಅರ್ಧ ಸೂತ್ರ, ಏನಾದರೂ ನಡೆಯುತ್ತದೆ. ಎರಡು ನಿಮಿಷಕ್ಕೇ ಪೆನ್ನು ನಿಂತರೂ ಪುಸ್ತಕ ತೆಗೆಯಬಾರದು. ಆ ತಡಕಾಟದಲ್ಲೇ ಕೆಲಸ ಆಗುವುದು. ಹತ್ತು ನಿಮಿಷ ಮುಗಿದ ಮೇಲೆ ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ತುಂಬಬೇಕು. ಮರುದಿನ ಬೆಳಿಗ್ಗೆ ಕೆಂಪಾದ ಭಾಗವನ್ನಷ್ಟೇ ಇನ್ನೊಂದು ಹಾಳೆಯಲ್ಲಿ ಮತ್ತೆ, ನೋಡದೆ ಬರೆಯಬೇಕು. ಐದು ನಿಮಿಷದ ಕೆಲಸ.

ಮೊದಲ ವಾರ ಅರ್ಧ ಪುಟವೂ ತುಂಬುವುದಿಲ್ಲ. ಹೆಚ್ಚಿನವರು ಬಿಡುವುದು ಇಲ್ಲೇ. ಹೈಲೈಟರ್ ಹಿಡಿದು ಎರಡನೇ ಸಲ ಓದಿದರೆ ಎಲ್ಲ ಗೊತ್ತಿದ್ದಂತೆ ಅನಿಸುತ್ತದೆ, ಖಾಲಿ ಹಾಳೆ ಮುಂದೆ ಕೂತರೆ ಏನೂ ಗೊತ್ತಿಲ್ಲ ಅನಿಸುತ್ತದೆ. ಈ ಅನಿಸಿಕೆಯನ್ನು ನಂಬಿದರೆ ಕೆಟ್ಟೆವು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ಅಳೆದು ನೋಡಿದರು. ಒಂದು ಪಾಠವನ್ನು ಎರಡು ಸಲ ಓದಿದವರಿಗೆ ಐದು ನಿಮಿಷದ ನಂತರ ಶೇ. 81 ನೆನಪಿತ್ತು, ಒಂದು ಸಲ ಓದಿ ಒಂದು ಸಲ ನೋಡದೆ ಬರೆದವರಿಗೆ ಶೇ. 75. ವಾರ ಕಳೆದ ಮೇಲೆ ಲೆಕ್ಕ ತಿರುಗಿಬಿತ್ತು: ಓದಿದವರದು 42, ಬರೆದವರದು 56. ಐದು ನಿಮಿಷದ ಮೇಲೆ ನಡೆಯುವ ಪರೀಕ್ಷೆ ಯಾವ ಯೂನಿವರ್ಸಿಟಿಯಲ್ಲೂ ಇಲ್ಲ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲೊಂದು ತೊಡಕು ಬರುತ್ತದೆ. ಇಂಗ್ಲಿಷಿನಲ್ಲೇ ನೆನಪು ಮಾಡಿಕೊಳ್ಳಲು ಹೋದರೆ ವಿಷಯ ಮರೆತಿದೆಯೋ ಭಾಷೆ ಕೈಕೊಟ್ಟಿದೆಯೋ ತಿಳಿಯುವುದಿಲ್ಲ. ಅದಕ್ಕೇ ಎರಡನ್ನೂ ಬೇರೆ ಮಾಡಿದೆ. ಸಂಜೆಯ ಹಾಳೆ ಪೂರ್ತಿ ಕನ್ನಡದಲ್ಲಿ, ಅದೂ ನಮ್ಮ ಮಾತಿನ ಕನ್ನಡದಲ್ಲಿ. ಕೆಮಿಸ್ಟ್ರಿಯ ಒಂದು ಸಾಲು ಹೀಗೆ (ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ): 'ಒತ್ತಡ ಹೆಚ್ಚು ಮಾಡಿದ್ರ ಯಾ ಕಡಿ ಗ್ಯಾಸಿನ ಮೋಲ್ ಕಡಿಮಿ ಅದಾವ ಆ ಕಡಿ ಹೋಗ್ತದ.' ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನದೇ. ಬೆಳಿಗ್ಗೆಯ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. ಕನ್ನಡದ ಹಾಳೆ ತುಂಬಿ ಇಂಗ್ಲಿಷಿನದು ಖಾಲಿ ಉಳಿದರೆ ಆ ಪಾಠವನ್ನು ಮತ್ತೆ ಓದುವುದು ದಂಡ. ಬೇಕಾದದ್ದು ನಾಲ್ಕು ವಾಕ್ಯದ ಅಭ್ಯಾಸ ಮಾತ್ರ.

ಸ್ಪೆಲಿಂಗಿಗೆ ಬಾಯಿಪಾಠಕ್ಕಿಂತ ಪದ ಒಡೆಯುವುದು ಮೇಲು. 'ಎಕ್ಸೋ' ಅಂದರೆ ಹೊರಗೆ, 'ಎಂಡೋ' ಒಳಗೆ, 'ಥರ್ಮ್' ಶಾಖ. 'ಈಕ್ವಿ' ಸಮ, 'ಲಿಬ್ರಾ' ತಕ್ಕಡಿ. ಇಂಥ ಐವತ್ತು ಅರವತ್ತು ತುಂಡುಗಳನ್ನು ಚಿಕ್ಕ ವಹಿಯಲ್ಲಿ ಬರೆದಿಟ್ಟುಕೊಂಡರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಮೂರಕ್ಕೂ ಬರುತ್ತವೆ.

ಕೆಂಪು ಅಕ್ಷರದಲ್ಲಿ ಬಿದ್ದದ್ದೆಲ್ಲ ಕಾರ್ಡಿಗೆ ಹೋಗುತ್ತಿತ್ತು. ಕಾರ್ಡಿಗೆ ದುಡ್ಡು ಹಾಕಬೇಕಿಲ್ಲ. ನಮ್ಮ ಕಡೆ ಮದುವೆ ಸೀಜನ್ ಮುಗಿಯುವ ಹೊತ್ತಿಗೆ ಪ್ರತಿ ಮನೆಯಲ್ಲೂ ಲಗ್ನಪತ್ರಿಕೆಯ ಕಟ್ಟೇ ಇರುತ್ತದೆ. ದಪ್ಪ ಕಾರ್ಡನ್ನು ಸುಮಾರು ಮೂರು ಇಂಚು, ನಾಲ್ಕು ಇಂಚಿನ ತುಂಡು ಮಾಡಿ, ಖಾಲಿ ಬದಿಯಲ್ಲಿ ಪ್ರಶ್ನೆ ಬರೆಯುವುದು. ಅಚ್ಚಾದ ಬದಿಗೆ ಬಿಳಿ ಹಾಳೆ ಅಂಟಿಸಿ ಉತ್ತರ. ಹೊಳಪು ಕಾಗದದ ಮೇಲೆ ಜೆಲ್ ಪೆನ್ನು ಒರೆಸಿಹೋಗುತ್ತದೆ, ಬಾಲ್‌ಪೆನ್ನೇ ಸರಿ.

ಕಾರ್ಡು ಕೆಡುವುದು ಪ್ರಶ್ನೆ ದೊಡ್ಡದಾದಾಗ. 'ಹೇಬರ್ ವಿಧಾನ (ನೈಟ್ರೋಜನ್, ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡುವುದು) ವಿವರಿಸಿ' ಎಂದು ಬರೆದರೆ ಉತ್ತರದಲ್ಲಿ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ. ಆಗ ನಮಗೆ ನಾವೇ ಮಾಫಿ ಕೊಟ್ಟುಕೊಂಡು ಮುಂದಕ್ಕೆ ತಳ್ಳುತ್ತೇವೆ. ಅದನ್ನೇ ಹೀಗೆ ಒಡೆಯಬೇಕು: ಎಷ್ಟು ಮೋಲಿನಿಂದ ಎಷ್ಟು ಮೋಲ್ ಅಮೋನಿಯಾ? (ನೈಟ್ರೋಜನ್ 1, ಹೈಡ್ರೋಜನ್ 3, ಒಟ್ಟು 4ರಿಂದ 2.) ಒತ್ತಡ ಏರಿಸಿದರೆ ಅಮೋನಿಯಾ ಹೆಚ್ಚುವುದೇಕೆ? (ಮೋಲ್ ಕಡಿಮೆ ಇರುವ ಕಡೆಗೆ ಸಮತೋಲನ ವಾಲುತ್ತದೆ.) ಈ ಕ್ರಿಯೆ ಶಾಖ ಬಿಡುಗಡೆ ಮಾಡುವಂಥದ್ದು, ಹಾಗಾದರೆ ತಂಪಿನಲ್ಲಿ ನಡೆಸದೆ 400ರಿಂದ 450 ಡಿಗ್ರಿ ಸೆಲ್ಸಿಯಸ್ ಏಕೆ? (ತಂಪಿನಲ್ಲಿ ಇಳುವರಿ ಹೆಚ್ಚು, ಆದರೆ ವೇಗ ತೀರಾ ಕಡಿಮೆ.) ಕ್ರಿಯೆಯ ವೇಗ ಹೆಚ್ಚಿಸಲು ಕಬ್ಬಿಣ ಹಾಕಿದರೆ ಅಮೋನಿಯಾ ಪ್ರಮಾಣ ಹೆಚ್ಚುತ್ತದೆಯೇ? (ಇಲ್ಲ, ಸಮತೋಲನಕ್ಕೆ ಬೇಗ ತಲುಪುತ್ತದೆ ಅಷ್ಟೇ.) ಕೊನೆಯ ಪ್ರಶ್ನೆಗೆ ಹತ್ತರಲ್ಲಿ ಏಳು ಮಂದಿ ತಪ್ಪುತ್ತಾರೆಂಬುದು ನನ್ನ ಗುಮಾನಿ.

ಮೂರು ಸಲ ತಪ್ಪಿದ ಕಾರ್ಡನ್ನು ಹರಿದು ಹಾಕಿ ಎರಡಾಗಿ ಬರೆಯುತ್ತಿದ್ದೆ. ಅಂಥ ಕಡೆ ದೋಷ ಕಾರ್ಡಿನದು, ತಲೆಯದಲ್ಲ. ಬೇರೆಯವರ ಕಾರ್ಡಿನ ಪಿಡಿಎಫ್ ವಾಟ್ಸಾಪಿನಲ್ಲಿ ಬಂದರೆ ಉಪಯೋಗ ಕಡಿಮೆ, ಏಕೆಂದರೆ ಅದು ಅವರ ಕೆಂಪು ಅಕ್ಷರ.

ಶೂ ಡಬ್ಬಿಯಲ್ಲಿ ರಟ್ಟು ನಿಲ್ಲಿಸಿ ನಾಲ್ಕು ಖಾನೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಇದು. ದಿನಗಳ ಅಂತರ ನಾನು ಹೊಂದಿಸಿಕೊಂಡದ್ದು. ಮೊದಲ ಖಾನೆ ದಿನಾಲೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ. ಸರಿ ಹೇಳಿದರೆ ಮುಂದಿನ ಖಾನೆಗೆ, ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ. ಹೊಸ ಕಾರ್ಡು ದಿನಕ್ಕೆ ಹತ್ತೇ. ಲೆಕ್ಕ ಹಾಕಿ: ಒಂದೊಂದು ಕಾರ್ಡೂ ನಾಲ್ಕು ಖಾನೆ ದಾಟಬೇಕಾದ್ದರಿಂದ, ದಿನಕ್ಕೆ ಹತ್ತು ಹೊಸದು ಎಂದರೆ ಕೆಲವು ವಾರಗಳಲ್ಲಿ ದಿನಕ್ಕೆ ಸರಾಸರಿ ನಲವತ್ತು ನೋಡಬೇಕು, ತಪ್ಪಿ ವಾಪಸ್ ಬಂದವು ಸೇರಿ ಐವತ್ತು. ಒಂದಕ್ಕೆ 20 ಸೆಕೆಂಡ್ ಹಿಡಿದರೆ ಸುಮಾರು 17 ನಿಮಿಷ. ಉಮೇದಿನಲ್ಲಿ ದಿನಕ್ಕೆ ಮೂವತ್ತು ಮಾಡಿದರೆ ಇದೇ 50 ನಿಮಿಷವಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಡಬ್ಬಿ ಮಂಚದ ಕೆಳಗೆ ಸೇರುತ್ತದೆ. ತೊಗರಿ ರಾಶಿಗೆಂದು ಊರಿಗೆ ಹೋಗಿ ವಾರ ಬಿಟ್ಟುಹೋದರೆ, ಬಂದ ಮೇಲೆ ನಾಲ್ಕು ದಿನ ಹೊಸ ಕಾರ್ಡು ಬಂದ್. ಮೊದಲ ಖಾನೆ ಖಾಲಿ ಮಾಡಿ ಆಮೇಲೆ ಮುಂದೆ.

ಆಳಂದ, ಜೇವರ್ಗಿ ಕಡೆಯಿಂದ ದಿನಾ ಓಡಾಡುವವರಿಗೆ ಬಸ್ಸೇ ಡಬ್ಬಿ. ಜೇಬಲ್ಲಿ ಐವತ್ತು ಕಾರ್ಡು, ಎರಡು ರಬ್ಬರ್ ಬ್ಯಾಂಡು: ಒಂದು ಸರಿಯಾದವಕ್ಕೆ, ಒಂದು ತಪ್ಪಿದವಕ್ಕೆ. ನಿಂತುಕೊಂಡೂ ಆಗುತ್ತದೆ.

ಗಣಿತಕ್ಕೆ ಕಾರ್ಡು ಸಾಲದು. ಅಲ್ಲಿ ಕೆಡಿಸುವುದು ಒಂದೇ ಜಾತಿಯ ಲೆಕ್ಕವನ್ನು ಸಾಲಾಗಿ ಬಿಡಿಸುವುದು. ಇಂಟಿಗ್ರೇಷನ್ ಬಿಡಿಸುವ ಒಂದು ವಿಧಾನವಾದ 'ಬೈ ಪಾರ್ಟ್ಸ್'ನ ಹನ್ನೆರಡು ಲೆಕ್ಕ ಒಂದರ ಹಿಂದೊಂದು ಮಾಡಿದರೆ, ಮೂರನೆಯದರಿಂದ ಪ್ರಶ್ನೆಯನ್ನು ಓದುವ ಅಗತ್ಯವೇ ಇರುವುದಿಲ್ಲ, ಕೈ ತಾನೇ ಓಡುತ್ತದೆ. ಪರೀಕ್ಷೆಯಲ್ಲಿ 'ಬೈ ಪಾರ್ಟ್ಸ್ ಹಾಕು' ಎಂದು ಯಾರೂ ಬರೆದಿರುವುದಿಲ್ಲ. 'ಎಕ್ಸ್ ಇಂಟು ಇ ಟು ದ ಪವರ್ ಎಕ್ಸ್' ಇದ್ದರೆ ಬೈ ಪಾರ್ಟ್ಸ್. ಆ ಪವರ್‌ನಲ್ಲಿ ಎಕ್ಸ್ ಸ್ಕ್ವೇರ್ ಆದರೆ ಸಬ್‌ಸ್ಟಿಟ್ಯೂಷನ್ ಎಂಬ ಇನ್ನೊಂದು ವಿಧಾನ. ನೋಡಲು ಅಣ್ಣತಮ್ಮಂದಿರು. ಮೂರು ವಿಧಾನದ ನಾಲ್ಕು ನಾಲ್ಕು ಲೆಕ್ಕ ಚೀಟಿಯಲ್ಲಿ ಬರೆದು ಕಲಸಿ ಎತ್ತುತ್ತಿದ್ದೆ. ಬಿಡಿಸುವ ಮುಂಚೆ ಯಾವ ವಿಧಾನ, ಏಕೆ ಎಂದು ಒಂದು ಸಾಲು. ಹೀಗೆ ಮಾಡಿದಾಗ ತಪ್ಪು ಹೆಚ್ಚುತ್ತದೆ, ಬೇಸರಿಸಬೇಡಿ. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಭ್ಯಾಸದ ವೇಳೆ ಸಾಲಾಗಿ ಮಾಡಿದವರು ಶೇ. 89 ಸರಿ, ಕಲಸಿ ಮಾಡಿದವರು 60. ವಾರದ ನಂತರದ ಪರೀಕ್ಷೆಯಲ್ಲಿ ಸಾಲಿನವರು 20, ಕಲಸಿದವರು 63.

ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಐದು ವರ್ಷದ್ದು ಸಾಕು. 'ಇಂಪಾರ್ಟೆಂಟ್ ಯಾವುವು' ಎಂದು ಆರಿಸಲು ಅದನ್ನು ಬಳಸುವುದು ಜೂಜು. ನಾನು ಬಳಸಿದ್ದು ವೇಳೆ ಅಳೆಯಲು. ಪತ್ರಿಕೆ ಮೂರು ಗಂಟೆಯ 80 ಅಂಕದ್ದಾದರೆ, ಓದಲು ಮತ್ತು ತಿರುಗಿ ನೋಡಲು 20 ನಿಮಿಷ ತೆಗೆದು, ಅಂಕಕ್ಕೆ ಎರಡು ನಿಮಿಷ. ಹತ್ತು ಅಂಕದ ಉತ್ತರ 20 ನಿಮಿಷದಲ್ಲಿ ಮುಗಿಯಬೇಕು. ಮೊದಲ ಸಲ ನನಗೆ 34 ನಿಮಿಷ ಹಿಡಿಯಿತು, ಎಲ್ಲ ಗೊತ್ತಿದ್ದೂ.

ಏಪ್ರಿಲ್, ಮೇನಲ್ಲಿ ನಮ್ಮೂರಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ರೂಮಿನಲ್ಲಿ ಮಧ್ಯಾಹ್ನ ಓದುತ್ತೇನೆಂಬುದು ಸುಳ್ಳು ಸಂಕಲ್ಪ. ಖಾಲಿ ಹಾಳೆ, ಲೆಕ್ಕ ಇಂಥ ಭಾರದ ಕೆಲಸ ಬೆಳಿಗ್ಗೆ ಐದರಿಂದ ಎಂಟು. ಊಟದ ನಂತರ ಕಾರ್ಡು ಕತ್ತರಿಸುವುದು, ಹಾಳೆ ಅಂಟಿಸುವುದು, ಇಲ್ಲವೇ ನಿದ್ದೆ. ಕಾರ್ಡು ಸಂಜೆಗೆ, ಕರೆಂಟು ಹೋದರೂ ಮಾಳಿಗೆ ಮೇಲೆ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ.

ಪರೀಕ್ಷೆಯ ಬೆಳಿಗ್ಗೆ ಡಬ್ಬಿಯ ಮೊದಲ ಖಾನೆಯಿಂದ ಇಪ್ಪತ್ತು ಕಾರ್ಡು ಮಾತ್ರ. ಹಾಲ್ ಮುಂದೆ ಯಾರಾದರೂ 'ಇದು ಓದೀಯೇನು' ಎಂದು ಹೊಸ ಪುಟ ತೋರಿಸಿದರೆ ನೋಡದೆ ಮುಂದೆ ನಡೆಯಿರಿ. ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಕೊನೆಯ ಪುಟದಲ್ಲಿ 'ರಫ್ ವರ್ಕ್' ಎಂದು ಬರೆದು, ಪ್ರಶ್ನೆ ಓದುವ ಮುಂಚೆಯೇ ಕೈಕೊಡುವಂಥ ನಾಲ್ಕೈದು ಸೂತ್ರ ಅಲ್ಲಿ ಇಳಿಸಿಬಿಡಿ. ಮುಗಿದ ಮೇಲೆ ಅಡ್ಡ ಗೆರೆ ಎಳೆಯುವುದನ್ನು ಮರೆಯಬೇಡಿ.