ಇಂಗ್ಲಿಷ್ ಅರ್ಜಿ, ಬೋರ್ಡು ಬರೆಯುವಾಗ ಒಂದಕ್ಷರಕ್ಕೆ ಅರ್ಥ ಕೆಡದಂತೆ ನೋಡಿಕೊಳ್ಳುವುದು

ಕನ್ನಡವನ್ನು ಕೇಳಿದ ಹಾಗೆ ಬರೆದರೆ ಸಾಕು. ಇಂಗ್ಲಿಷಿಗೆ ಅದು ಸಾಲದು. ಪದದ ಕೊನೆಯ ಜಡ್ ಸದ್ದನ್ನೂ ನಾವು ಹೆಚ್ಚಾಗಿ 'ಸ್' ಎಂದೇ ಹೇಳುವುದರಿಂದ, ಎರಡು ಬೇರೆ ಪದಗಳು ಕಿವಿಗೆ ಒಂದೇ ಆಗಿಬಿಡುತ್ತವೆ. ಮೊಬೈಲಿನ ಸ್ಪೆಲ್‌ಚೆಕ್ಕೂ ಇಲ್ಲಿ ನೆರವಿಗೆ ಬರುವುದು ಕಡಿಮೆ, ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ.

ಕೊಳೆರೋಗಕ್ಕೆ ಅಡಿಕೆ ಉದುರಿತೆಂದು ತೋಟಗಾರಿಕೆ ಇಲಾಖೆಗೆ ಅರ್ಜಿ ಬರೆಯುತ್ತಿದ್ದೀರಿ ಎನ್ನಿ. 'ಕಳೆದುಕೊಳ್ಳು' ಎನ್ನುವ ಕ್ರಿಯಾಪದಕ್ಕೆ ಎಲ್ ಆದಮೇಲೆ ಒಂದೇ ಓ, ಕೊನೆಯಲ್ಲಿ ಎಸ್-ಇ, ಉಚ್ಚಾರ 'ಲೂಜ಼್'. ಎರಡು ಓ ಹಾಕಿದರೆ ಅದು 'ಲೂಸ್', ಅಂದರೆ ಸಡಿಲ. 'ನಷ್ಟ' ಎಂಬ ನಾಮಪದ 'ಲಾಸ್'ಗೆ ಒಂದು ಓ, ಎರಡು ಎಸ್. ಅನುಮಾನವಿದ್ದರೆ ಅರ್ಜಿಯಲ್ಲಿ ಈ ನಾಮಪದವನ್ನೇ ಬಳಸಿ, ತಪ್ಪುವ ಸಂಭವ ಕಡಿಮೆ.

ಅದೇ ಅರ್ಜಿಯಲ್ಲಿ ಎಡವುವ ಇನ್ನೊಂದು ಜೋಡಿ ಅಫೆಕ್ಟ್, ಎಫೆಕ್ಟ್. ಮಾತಿನಲ್ಲಿ ನಾವು ಎಲ್ಲಕ್ಕೂ 'ಎಫೆಕ್ಟ್ ಆಯ್ತು' ಅನ್ನುತ್ತೇವೆ. ಬರೆಯುವಾಗ ರೋಗ ತೋಟವನ್ನು ಬಾಧಿಸಿತು ಎಂಬ ಕ್ರಿಯೆಗೆ ಎ ಅಕ್ಷರ, ಅದರಿಂದಾದ ಪರಿಣಾಮಕ್ಕೆ ಇ ಅಕ್ಷರ. ಪದಕ್ಕೆ ಮೊದಲು 'ದಿ' ಅಥವಾ 'ಆ್ಯನ್' ಕೂರುತ್ತದೆ ಎಂದರೆ ಇ ಹಾಕಿ. ಕಚೇರಿ ಆದೇಶಗಳಲ್ಲಿ ಮಾತ್ರ ಇ ಇರುವುದೇ 'ಜಾರಿಗೆ ತರು' ಎಂಬ ಕ್ರಿಯಾಪದವಾಗಿಯೂ ಬರುತ್ತದೆ. ಅದನ್ನು ತಪ್ಪೆಂದು ತಿದ್ದಬೇಡಿ.

ಅಡ್ವೈಸ್, ಪ್ರಾಕ್ಟೀಸ್, ಲೈಸೆನ್ಸ್ ಮೂರಕ್ಕೂ ಒಂದೇ ಸೂತ್ರ: ನಾಮಪದದ ಕೊನೆಯಲ್ಲಿ ಸಿ-ಇ, ಕ್ರಿಯಾಪದದ ಕೊನೆಯಲ್ಲಿ ಎಸ್-ಇ. ಸಲಹೆಗೆ ಸಿ, ಸಲಹೆ ಕೊಡುವುದಕ್ಕೆ ಎಸ್. ಸದ್ದು ಬೇರೆಯಾಗುವುದು ಮೊದಲನೆಯದರಲ್ಲಿ ಮಾತ್ರ. ಉಳಿದೆರಡನ್ನು ಕಣ್ಣಲ್ಲೇ ಗುರುತಿಡಬೇಕು. ಹೋಂಸ್ಟೇಯ ಲೈಸೆನ್ಸಿಗೆ ಸಿ, 'ಲೈಸೆನ್ಸ್ಡ್' ಎಂದು ಬರೆದರೆ ಎಸ್. ಇದು ನಮ್ಮಲ್ಲಿ ನಡೆಯುವ ಬ್ರಿಟಿಷ್ ರೂಢಿ. ಅಮೆರಿಕದಲ್ಲಿ ಪ್ರಾಕ್ಟೀಸಿಗೆ ಎರಡೂ ಕಡೆ ಸಿ, ಲೈಸೆನ್ಸಿಗೆ ಎರಡೂ ಕಡೆ ಎಸ್. ಹಾಗಾಗಿ ಕೀಬೋರ್ಡ್ ಅಮೆರಿಕನ್ ಇಂಗ್ಲಿಷಿನಲ್ಲಿದ್ದರೆ ಸರಿಯಾದುದರ ಕೆಳಗೂ ಕೆಂಪುಗೆರೆ ಬೀಳಬಹುದು. ಸೆಟ್ಟಿಂಗ್ಸಿನಲ್ಲಿ ಭಾಷೆಯನ್ನು ಇಂಡಿಯಾ ಅಥವಾ ಯುಕೆ ಇಂಗ್ಲಿಷಿಗೆ ಬದಲಿಸಿ.

ಸಾಗರ, ಆಗುಂಬೆ ಕಡೆ ಹೋಂಸ್ಟೇ ಬೋರ್ಡು ಬರೆಸುವವರು ನೋಡಬೇಕಾದ್ದು ಬೇರೆ. ಪ್ರಶಾಂತ ಜಾಗ ಎನ್ನಲು 'ಕ್ವಯೆಟ್' ಬೇಕು, ಕೊನೆಯಲ್ಲಿ ಇ-ಟಿ. ಅದು ಟಿ-ಇ ಆದರೆ 'ಸಾಕಷ್ಟು' ಎಂದಾಗುತ್ತದೆ. ಬೆಳಗಿನ ಕಡುಬು ಬಿಟ್ಟಿ ಎನ್ನುವ 'ಕಾಂಪ್ಲಿಮೆಂಟರಿ'ಯಲ್ಲಿ ಎಲ್ ಆದಮೇಲೆ ಐ. ಇ ಬಂದರೆ 'ಪೂರಕ'. ಜೋಗ ತೋರಿಸುವ ಸೈಟ್‌ಸೀಯಿಂಗ್‌ಗೆ ಜಿ-ಎಚ್ ಇರುವ ಸೈಟು, ಮನೆ ಕಟ್ಟುವ ಸೈಟಲ್ಲ. ಊಟದ ಕೊನೆಯ ಸಿಹಿ 'ಡಿಸರ್ಟ್'ಗೆ ನಡುವೆ ಎರಡು ಎಸ್, ಮರುಭೂಮಿ 'ಡೆಸರ್ಟ್'ಗೆ ಒಂದು.

ಸೊಸೈಟಿ ಸಾಲದ ಅಸಲು, ಕಾಲೇಜಿನ ಪ್ರಾಂಶುಪಾಲರು ಎರಡಕ್ಕೂ ಬರೆಯುವ 'ಪ್ರಿನ್ಸಿಪಲ್'ಗೆ ಕೊನೆಯಲ್ಲಿ ಪಿ-ಎ-ಎಲ್; ತತ್ವ ಎಂಬರ್ಥದ 'ಪ್ರಿನ್ಸಿಪಲ್'ಗೆ ಪಿ-ಎಲ್-ಇ. ಕಾಗದ, ಪೆನ್ನು ಮಾರುವ ಸ್ಟೇಷನರಿಗೆ ಎನ್ವಲಪ್ಪಿನ ಇ. ಎ ಹಾಕಿದರೆ 'ಕದಲದೆ ನಿಂತ' ಎಂದರ್ಥ.

ಬರೆದಾದ ಮೇಲೆ ಫೈಲಿನ ಹುಡುಕು ಆಯ್ಕೆಯಲ್ಲಿ ಈ ಪದಗಳನ್ನು ಒಂದೊಂದಾಗಿ ಹುಡುಕಿ. ಬರೆದಿರುವ ಸ್ಪೆಲ್ಲಿಂಗಿನ ಕನ್ನಡ ಅರ್ಥವನ್ನೇ ವಾಕ್ಯದಲ್ಲಿಟ್ಟು ಓದಿ. 'ಬೆಳೆಯನ್ನು ಸಡಿಲ' ಎಂದು ಬಂದರೆ ಒಂದು ಓ ತೆಗೆಯಬೇಕು. ಫ್ಲೆಕ್ಸ್ ಆದರೆ ಪ್ರಿಂಟಿಗೆ ಮೊದಲು ಡಿಸೈನನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು, ಇದೇ ರೀತಿ ಓದಿ ಒಪ್ಪಿಗೆ ಕೊಡಿ.