‘ಅಪ್’ ಚಿತ್ರದ ಆ ನಾಲ್ಕು ನಿಮಿಷವನ್ನು ಕೀಬೋರ್ಡಿಗೆ ತಂದದ್ದು

2009ರಲ್ಲಿ ಬಂದ ಪಿಕ್ಸಾರ್‌ನ ‘ಅಪ್’ ನೋಡಿದವರು ಅದರ ಶುರುವಿನ ಭಾಗವನ್ನು ಮರೆಯುವುದಿಲ್ಲ. ಕಾರ್ಲ್ ಎಂಬ ಹುಡುಗ, ಎಲ್ಲಿ ಎಂಬ ಹುಡುಗಿ ಮದುವೆಯಾಗುತ್ತಾರೆ, ಹಳೆ ಮನೆಯನ್ನು ಸರಿ ಮಾಡಿಕೊಳ್ಳುತ್ತಾರೆ. ಮಗುವಿನ ಆಸೆ ಕೈಗೂಡುವುದಿಲ್ಲ. ದೂರದ ಜಲಪಾತ ನೋಡಬೇಕೆಂದು ಗಾಜಿನ ಭರಣಿಯಲ್ಲಿ ದುಡ್ಡು ಕೂಡಿಡುತ್ತಾರೆ, ಪ್ರತಿ ಸಲವೂ ಅದು ಬೇರೆ ಖರ್ಚಿಗೆ ಹೋಗುತ್ತದೆ. ವಯಸ್ಸಾಗುತ್ತದೆ, ಎಲ್ಲಿ ತೀರಿಕೊಳ್ಳುತ್ತಾಳೆ. ಒಂದು ಇಡೀ ಸಂಸಾರ ನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಎಲ್ಲವನ್ನೂ ಹೇಳುವುದು ಮೈಕಲ್ ಜಿಯಾಕಿನೊ ಅವರ ಸಂಗೀತ. ಆ ತುಣುಕಿನ ಹೆಸರು ‘ಮ್ಯಾರೀಡ್ ಲೈಫ್’. 2010ರಲ್ಲಿ ಈ ಚಿತ್ರದ ಸಂಗೀತಕ್ಕೆ ಆಸ್ಕರ್ ಬಂತು.

ನಾನು ಕರ್ನಾಟಕ ಸಂಗೀತ ಕಲಿತವಳು. ಮನೆಯಲ್ಲೇ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಈ ತುಣುಕನ್ನು ಕೇಳಿ ಕೇಳಿಯೇ ಕೈಗೆ ತಂದುಕೊಂಡೆ.

ಮೊದಲು ಸಿಕ್ಕಿದ್ದು ನಾಲ್ಕು ಸ್ವರ. ಎಫ್ ಅನ್ನು, ಅಂದರೆ ನಮ್ಮ ಶ್ರುತಿಯ ಲೆಕ್ಕದ ನಾಲ್ಕನೇ ಮನೆಯನ್ನು, ಷಡ್ಜ (ಸ) ಅಂತ ಇಟ್ಟುಕೊಂಡರೆ ಈ ಟ್ಯೂನ್ ಶುರುವಾಗುವುದು ಸ, ಗ, ನಿ, ಪ ಅಂತ. ಸ–ಗ ಮಧ್ಯಸ್ಥಾಯಿ, ನಿ–ಪ ಅದಕ್ಕಿಂತ ಕೆಳಗಿನ ಮಂದ್ರಸ್ಥಾಯಿ. ಸ್ವರಸ್ಥಾನಗಳೆಲ್ಲ ಶಂಕರಾಭರಣ ರಾಗದವೇ. ಇಲ್ಲಿ ನಾನು ತುಂಬಾ ಹೊತ್ತು ನಿಂತೆ. ಶಂಕರಾಭರಣದ ನಿಷಾದ (ನಿ) ಷಡ್ಜಕ್ಕೆ ತೀರಾ ಹತ್ತಿರ. ಅಲ್ಲಿಗೆ ಹೋದರೆ ಮುಂದಿನ ಹೆಜ್ಜೆ ಸ ಅಂತ ಕಿವಿ ತಾನೇ ಕಾಯುತ್ತದೆ, ಅಲ್ವಾ? ಈ ಟ್ಯೂನ್ ಸ ಕಡೆಗೆ ತಿರುಗುವುದೇ ಇಲ್ಲ. ನಿ ಮುಟ್ಟಿ ಪಂಚಮಕ್ಕೆ (ಪ) ಇಳಿದುಬಿಡುತ್ತದೆ. ಮದುವೆ, ನಗು, ಓಡಾಟ ಎಲ್ಲ ನಡೆಯುತ್ತಿರುವಾಗಲೂ ಎಲ್ಲೋ ಒಂದು ಕಡೆ ಎದೆ ಚುರ್ ಅನ್ನುವುದು ಇದರಿಂದಲೇ ಅಂತ ನನಗೆ ಅನ್ನಿಸುತ್ತದೆ. ನೀವೇ ನುಡಿಸಿ ನೋಡಿ. ಸ ಗ ನಿ ಸ ಅಂದರೆ ಮನಸ್ಸು ತಣ್ಣಗಾಗುತ್ತದೆ. ಸ ಗ ನಿ ಪ ಅಂದರೆ ಏನೋ ಬಾಕಿ ಉಳಿಯುತ್ತದೆ.

ತಾಳ ಕಷ್ಟವಿಲ್ಲ. ಇದು ವಾಲ್ಟ್ಸ್, ಮೂರು ಎಣಿಕೆಯ ನಡೆ. ತಕಿಟ ತಕಿಟ ಅಂತ ಹೇಳಿಕೊಂಡು, ಎಡಗೈಯಲ್ಲಿ ‘ತ’ಕ್ಕೆ ಕೆಳಗಿನ ಒಂದೇ ಸ್ವರ, ‘ಕಿಟ’ಕ್ಕೆ ಹಗುರವಾಗಿ ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರ) ಹಾಕಿದರೆ ಆಯ್ತು. ಕೀಬೋರ್ಡಿನಲ್ಲಿ ತಾನಾಗಿ ಬರುವ ರಿದಮ್ ಮಾತ್ರ ಬೇಡ. ಅದು ನಿಮ್ಮ ಕೈಯ ಉಸಿರಿಗೆ ಕಾಯುವುದಿಲ್ಲ. ಸಾದಾ ಪಿಯಾನೊ ಟೋನ್ ಸಾಕು, ಆದರೆ ಒತ್ತಿದಷ್ಟೇ ಸದ್ದು ಕೊಡುವ ಟಚ್ ಇರುವ ಕೀ ಬೇಕೇ ಬೇಕು.

ನನಗೆ ನಿಜವಾಗಿ ತಿಳಿಯಬೇಕಿದ್ದದ್ದು ಬೇರೆ. ಸಂತೋಷದ ಭಾಗದಲ್ಲೂ ದುಃಖದ ಭಾಗದಲ್ಲೂ ಟ್ಯೂನ್ ಒಂದೇ. ಮತ್ತೆ ಅಳು ಬರುವುದು ಯಾವುದರಿಂದ? ಮೂಲದಲ್ಲಿ ಖುಷಿಯ ಹೊತ್ತಿಗೆ ಸದ್ದು ತಗ್ಗಿಸುವ ಮ್ಯೂಟ್ ಹಾಕಿದ ಟ್ರಂಪೆಟ್ ಇದೆ, ವಯಲಿನ್ ಇದೆ, ಹಿಂದೆ ದೊಡ್ಡ ವಾದ್ಯವೃಂದವಿದೆ. ಕೊನೆಗೆ ಉಳಿಯುವುದು ಪಿಯಾನೊ ಒಂದೇ. ನನ್ನ ಹತ್ತಿರ ಇರುವುದೋ ಎರಡು ಕೈ. ಮೊದಲು ಸುಮ್ನೆ ಕಾಲ, ಅಂದರೆ ವೇಗ, ಇಳಿಸಿ ನುಡಿಸಿದೆ, ಎಡಗೈ ಹಾಗೇ ಇತ್ತು. ಜೋಗುಳದ ಹಾಗೆ ಕೇಳಿಸಿತು. ಆಮೇಲೆ ಕಾಲವನ್ನು ಸ್ವಲ್ಪವೇ ಇಳಿಸಿ ಎಡಗೈಯ ‘ಕಿಟ’ ತೆಗೆದುಬಿಟ್ಟೆ. ‘ತ’ ಮಾತ್ರ ಉಳಿಯಿತು. ಆಗ ಬಂತು ನೋಡಿ! ಇಷ್ಟು ಹೊತ್ತು ಜೊತೆಗೇ ನಡೆಯುತ್ತಿದ್ದ ಎರಡು ಎಣಿಕೆ ಈಗ ಇಲ್ಲ, ಆದರೆ ಅವುಗಳ ಜಾಗ ಖಾಲಿಯಾಗಿ ಹಾಗೇ ಇದೆ. ಕಿವಿ ಅಲ್ಲಿ ಅವನ್ನು ಹುಡುಕುತ್ತದೆ. ದುಃಖ ಬೇಕೆಂದರೆ ನಿಧಾನ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕೈಗೆ ತಿಳಿದದ್ದು, ಕಾಲ ಇಳಿಸುವುದಕ್ಕಿಂತ ಎಡಗೈ ಖಾಲಿ ಬಿಡುವುದು ಜಾಸ್ತಿ ಕೆಲಸ ಮಾಡುತ್ತದೆ ಅಂತ.

ಕಾಲಲ್ಲಿ ಒತ್ತಿ ಸ್ವರವನ್ನು ಎಳೆದು ನಿಲ್ಲಿಸುವ ಪೆಡಲ್ ಬಗ್ಗೆಯೂ ಒಂದು ಮಾತು. ವಾಲ್ಟ್ಸ್ ಭಾಗಕ್ಕೆ ಪೆಡಲ್ ಮುಟ್ಟದಿದ್ದರೇ ಚೆಂದ, ತಕಿಟ ಬಿಡಿಬಿಡಿಯಾಗಿ ಕೇಳಬೇಕು. ಕೊನೆಯ ಭಾಗಕ್ಕೆ ಪೆಡಲ್ ಬೇಕು, ಆದರೆ ನಿ ಬಿಟ್ಟು ಪ ಹಿಡಿಯುವ ಕ್ಷಣದಲ್ಲಿ ಕಾಲು ಎತ್ತಿ ಮತ್ತೆ ಒತ್ತಬೇಕು. ಎತ್ತದಿದ್ದರೆ ಸ ಮತ್ತು ನಿ ಎರಡೂ ಒಳಗೇ ಗುಂಯ್‌ಗುಡುತ್ತಾ ಉಳಿದು ಪಂಚಮ ಮಸುಕಾಗುತ್ತದೆ.

ಪಿಟೀಲು ಕಲಿಯುವ ಒಬ್ಬ ಹುಡುಗಿ ನನ್ನ ಜೊತೆ ಇದನ್ನು ನುಡಿಸಿದಳು. ಅವಳ ಬೆರಳು ಗಾಂಧಾರಕ್ಕೂ (ಗ) ನಿಷಾದಕ್ಕೂ ತಾನಾಗಿ ಗಮಕ, ಅಂದರೆ ಅಲುಗಾಟ, ಕೊಡುತ್ತಿತ್ತು. ಇಲ್ಲಿ ಸ್ವರ ಅಲುಗಾಡದೆ ನಿಲ್ಲಬೇಕು. ಅದಕ್ಕೆ ಮುತ್ತುಸ್ವಾಮಿ ದೀಕ್ಷಿತರ ‘ಶಕ್ತಿಸಹಿತ ಗಣಪತಿಂ’ ನುಡಿಸಿಸಿದೆ. ಪಾಶ್ಚಾತ್ಯ ಧಾಟಿಯ ನೊಟ್ಟುಸ್ವರ, ಶಂಕರಾಭರಣದ್ದೇ ಸ್ವರ, ಮೂರೆಣಿಕೆಯ ನಡೆ, ಗಮಕವಿಲ್ಲ. ಅದರಿಂದ ನೇರವಾಗಿ ‘ಅಪ್’ಗೆ ಬಂದಾಗ ಬೆರಳು ಅಲುಗಾಡದೆ ನಿಂತಿತು. ನಾನು ಎಡಗೈಯ ‘ಕಿಟ’ ತೆಗೆದು ನುಡಿಸಿದ ದಿನ ಅವಳು ಬಿಲ್ಲು ಕೆಳಗಿಟ್ಟು ಕೇಳಿದಳು: “ಮಿಸ್, ಸ್ವರ ಬದಲಾಯಿಸಿದ್ರಾ?” ಒಂದೂ ಬದಲಾಯಿಸಿರಲಿಲ್ಲ.

ಈ ಟ್ಯೂನ್ ಆಮೇಲೂ ಬರುತ್ತದೆ. ಬಲೂನು ಕಟ್ಟಿದ ಮನೆ ಮೇಲೇಳುವಾಗ ವಾಲ್ಟ್ಸ್ ಆಗಿ, ಅರಳಿಕೊಂಡು ಬರುತ್ತದೆ. ಹೆಂಡತಿ ಎಲ್ಲಿಯ ಸಾಹಸದ ಪುಸ್ತಕವನ್ನು ಕಾರ್ಲ್ ಕೊನೆಯವರೆಗೂ ತಿರುವಿ, ಖಾಲಿ ಅಂದುಕೊಂಡಿದ್ದ ಹಾಳೆಗಳಲ್ಲಿ ತಮ್ಮಿಬ್ಬರ ಫೋಟೊಗಳನ್ನು ನೋಡುವಾಗ ಮತ್ತೆ ಪಿಯಾನೊದಲ್ಲಿ ಬರುತ್ತದೆ. ಎಲ್ಲಿ ತೀರಿಕೊಂಡ ಮೇಲೂ ಚಿತ್ರದಲ್ಲಿ ಅವಳು ಇರುವುದು ಈ ಸ್ವರಗಳಲ್ಲಿ. ನಾನೂ ಆ ಪಿಟೀಲಿನ ಹುಡುಗಿಯೂ ಈಗ ಆ ಪುಸ್ತಕದ ಭಾಗವನ್ನು ಅಭ್ಯಾಸ ಮಾಡುತ್ತಿದ್ದೇವೆ. ಅದಕ್ಕೆ ಮದುವೆಯ ಲವಲವಿಕೆಯೂ ಬೇಡ, ಸಾವಿನ ಖಾಲಿಯೂ ಬೇಡ. ಹಾಗಾಗಿ ಎಡಗೈಯ ‘ಕಿಟ’ವನ್ನು ಅಲ್ಲಲ್ಲಿ, ತೀರಾ ಮೆತ್ತಗೆ, ವಾಪಸ್ ತರುತ್ತಿದ್ದೇನೆ. ಎಲ್ಲೆಲ್ಲಿ ತರಬೇಕು ಅನ್ನುವುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ.