ಇಯರ್ 7 ಅಂದ್ರೆ ಏಳನೇ ಕ್ಲಾಸಲ್ಲ: ದುಬೈನಲ್ಲಿ ಬ್ರಿಟಿಷ್ ಶಾಲೆ ಹುಡುಕುವುದು ಹೇಗೆ?

ದುಬೈಗೆ ಬಂದ ಹೊಸದರಲ್ಲಿ ಮಗನಿಗೆ ಶಾಲೆ ನೋಡಲು ಹೋಗಿದ್ದೆವು. ಮೊದಲು ತೋರಿಸಿದ್ದು ಈಜುಕೊಳ. ಆಮೇಲೆ ನಾಟಕದ ಹಾಲ್, ರೋಬೋಟಿಕ್ಸ್ ಲ್ಯಾಬ್. ಮಗ ಅಲ್ಲೇ ತೀರ್ಮಾನ ಮಾಡಿಬಿಟ್ಟ, ನಾವೂ ತಲೆಯಾಡಿಸಿದೆವು. ಮೂರು ವರ್ಷ ಕಳೆದ ಮೇಲೆ ಗೊತ್ತಾಯಿತು: ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯನ್ನು ಮೂರು ಬೇರೆ ವಿಷಯಗಳಾಗಿ ಓದಲು ಆ ಶಾಲೆ ಎಲ್ಲ ಮಕ್ಕಳಿಗೂ ಬಿಡುವುದಿಲ್ಲ. ಈಜುಕೊಳದ ಎದುರು ನಿಂತಾಗ ಈ ಪ್ರಶ್ನೆ ಯಾರಿಗೆ ಹೊಳೆಯುತ್ತೆ ಹೇಳಿ?

ಹಾಗಾಗಿ ನಾನು ಹೇಳುವ ದಾರಿ ಉಲ್ಟಾ. ಕೊನೆಯಿಂದ ಶುರುಮಾಡಿ.

ಹೆಜ್ಜೆ 1: 18ನೇ ವಯಸ್ಸಿಗೆ ಮಗು ಎಲ್ಲಿರಬೇಕು?

ಈ ಪ್ರಶ್ನೆಗೆ ಗಂಡ ಹೆಂಡತಿ ಒಂದು ಸಂಜೆ ಕೂತು ಉತ್ತರ ಬರೆಯಿರಿ. ಪಕ್ಕಾ ಉತ್ತರ ಬೇಡ, ಅಂದಾಜು ಸಾಕು.

ಊರಿಗೆ ಮರಳಿ ಮೆಡಿಕಲ್ ಅಥವಾ ಎಂಜಿನಿಯರಿಂಗ್ ಓದಿಸುವ ಆಸೆ ಇದ್ದರೆ ಲೆಕ್ಕವೇ ಬೇರೆ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು, ಅರ್ಹತೆಯ ಪಟ್ಟಿಯಲ್ಲಿ ಇಂಗ್ಲಿಷ್ ಕೂಡ ಇದೆ. 2021ರಿಂದ ದುಬೈನಲ್ಲೇ ಕುಳಿತು ನೀಟ್ ಬರೆಯಬಹುದು, ಅದೊಂದು ಅನುಕೂಲ. ಆದರೆ ಎ ಲೆವೆಲ್ (ಬ್ರಿಟಿಷ್ ಶಾಲೆಯ ಕೊನೆಯ ಎರಡು ವರ್ಷ, ನಮ್ಮ ಪಿಯುಸಿ ಇದ್ದಂತೆ) ಪಾಠ ಬೇರೆ, ನೀಟ್ ಪಾಠ ಬೇರೆ. ಕೋಚಿಂಗ್ ಪ್ರತ್ಯೇಕವಾಗಿ ಹಾಕಿಸಲೇಬೇಕಾಗುತ್ತದೆ. ಇನ್ನೊಂದು ತೊಡಕು ತಾರೀಖಿನದು. ಮೇ–ಜೂನ್‌ನಲ್ಲಿ ಬರೆದ ಐಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸಿನ ಪರೀಕ್ಷೆ ಇದ್ದಂತೆ), ಎ ಲೆವೆಲ್ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಪಿಯುಸಿ ಕ್ಲಾಸು ಶುರುವಾಗಿ ಎರಡು ತಿಂಗಳು ಆಗಿರುತ್ತದೆ. ಜೊತೆಗೆ ಭಾರತದ ವಿಶ್ವವಿದ್ಯಾಲಯಗಳು ಎಐಯು, ಅಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆ ಪತ್ರ ಕೇಳುತ್ತವೆ. ಅದಕ್ಕೆ ಎಷ್ಟು ವಿಷಯ, ಯಾವ ಗ್ರೇಡ್ ಬೇಕು ಎನ್ನುವುದನ್ನು ವಿಷಯ ಆರಿಸುವ ಮೊದಲೇ ನೋಡಿಕೊಳ್ಳಿ. ಊರಿಗೆ ಮರಳುವುದು ಖಚಿತವಾಗಿದ್ದರೆ ದುಬೈನ ಸಿಬಿಎಸ್‌ಇ ಶಾಲೆಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬ್ರಿಟಿಷ್ ಶಾಲೆ ಅಂದ ಮಾತ್ರಕ್ಕೆ ಮೇಲು ಅಂತೇನಿಲ್ಲ.

ಇಂಗ್ಲೆಂಡಿಗೆ ಕಳಿಸುವ ಯೋಚನೆ ಇದೆಯಾ? ಅಲ್ಲೊಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಬ್ರಿಟಿಷ್ ಶಾಲೆಯಲ್ಲಿ ಓದಿದರೆ ಅಲ್ಲಿನ ಯೂನಿವರ್ಸಿಟಿ ಫೀಸ್ ಕಡಿಮೆ ಆಗುತ್ತದೆ ಅಂತ. ಇಲ್ಲ. ಫೀಸ್ ತೀರ್ಮಾನವಾಗುವುದು ಆ ದೇಶದಲ್ಲಿ ನಿಮಗಿರುವ ವಾಸದ ಹಕ್ಕು ಮತ್ತು ಎಷ್ಟು ವರ್ಷ ಅಲ್ಲಿದ್ದಿರಿ ಎನ್ನುವುದರ ಮೇಲೆ.

ಹೆಜ್ಜೆ 2: ಇಯರ್ ಲೆಕ್ಕ ಸರಿಮಾಡಿಕೊಳ್ಳಿ

ನಮ್ಮ ಕ್ಲಾಸಿಗೆ ಒಂದು ಕೂಡಿಸಿ, ಅಷ್ಟೇ. ನಮ್ಮ ಆರನೇ ಕ್ಲಾಸು ಇಲ್ಲಿ ಇಯರ್ 7. ಹತ್ತನೇ ಕ್ಲಾಸು ಇಯರ್ 11. ಇಯರ್ 7ರಿಂದ 9ರವರೆಗೆ ಒಂದು ಹಂತ. 10 ಮತ್ತು 11 ಸೇರಿ ಐಜಿಸಿಎಸ್‌ಇ ಅಥವಾ ಜಿಸಿಎಸ್‌ಇ. 12 ಮತ್ತು 13 ಎ ಲೆವೆಲ್, ಇದಕ್ಕೆ ಸಿಕ್ಸ್ತ್ ಫಾರ್ಮ್ ಅನ್ನುತ್ತಾರೆ.

ಊರಲ್ಲಿ ಆರನೇ ಕ್ಲಾಸು ಮುಗಿಸಿ ಬಂದ ಮಗುವನ್ನು ‘ಇಯರ್ 7ಕ್ಕೆ ಸೇರಿಸಿ’ ಅಂದರೆ ಒಂದು ವರ್ಷ ಹಿಂದೆ ಬಿಟ್ಟಂತೆ. ಅಲ್ಲದೆ ಇಲ್ಲಿ ವರ್ಷ ಶುರುವಾಗುವುದು ಆಗಸ್ಟ್ ಕೊನೆಗೆ. ಮಾರ್ಚ್‌ನಲ್ಲಿ ಬಂದರೆ ಒಂದೋ ಕೊನೆಯ ಟರ್ಮ್‌ಗೆ ಸೇರಿಸಬೇಕು, ಇಲ್ಲವೇ ಐದು ತಿಂಗಳು ಮನೆಯಲ್ಲಿ ಕೂರಿಸಬೇಕು.

ಹೆಜ್ಜೆ 3: ವರದಿಯನ್ನು ಪೂರ್ತಿ ಓದಿ

ದುಬೈನ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆಯದು. ಅದರ ತಪಾಸಣೆ ವರದಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ‘ಔಟ್‌ಸ್ಟ್ಯಾಂಡಿಂಗ್’ನಿಂದ ‘ವೆರಿ ವೀಕ್’ವರೆಗೆ ಆರು ದರ್ಜೆ. ಅಬುಧಾಬಿಯಲ್ಲಿ ಈ ಕೆಲಸ ಅಡೆಕ್‌ನದು, ಶಾರ್ಜಾದಲ್ಲಿ ಸ್ಪೀಯದು.

ಮುಖಪುಟದ ದರ್ಜೆ ನೋಡಿ ಮುಚ್ಚಿಡಬೇಡಿ. ಒಳಗೆ ಸೆಕೆಂಡರಿ ವಿಭಾಗದ ಅಂಕಣ ಬೇರೆ ಇರುತ್ತದೆ. ಪ್ರೈಮರಿ ಚೆನ್ನಾಗಿದ್ದು ಸೆಕೆಂಡರಿ ಸಾಧಾರಣವಾಗಿರುವ ಶಾಲೆಗಳೂ ಇವೆ. ವರದಿಯ ತಾರೀಖನ್ನೂ ನೋಡಿ. 2024–25ರಲ್ಲಿ ಹೊಸ ಶಾಲೆಗಳನ್ನು ಬಿಟ್ಟರೆ ಉಳಿದವಕ್ಕೆ ದುಬೈನಲ್ಲಿ ಪೂರ್ಣ ತಪಾಸಣೆ ನಡೆಯಲಿಲ್ಲ. ಹಾಗಾಗಿ ಗೇಟಿನ ಬ್ಯಾನರ್ ಮೇಲಿನ ದರ್ಜೆ ಹಳೆಯದಿರಬಹುದು, ಆಮೇಲೆ ಪ್ರಿನ್ಸಿಪಾಲರೇ ಬದಲಾಗಿರಬಹುದು.

ಹೆಜ್ಜೆ 4: ಇಯರ್ 9ರ ಆಪ್ಷನ್ ಫಾರ್ಮ್ ತೋರಿಸಿ ಅನ್ನಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಿಮ್ಮ ಮಗು ಇಯರ್ 7ಕ್ಕೆ ಸೇರುತ್ತಿದ್ದರೂ ಕೇಳಿ. ಇಯರ್ 9ರಲ್ಲಿ ಮಕ್ಕಳು ಐಜಿಸಿಎಸ್‌ಇಗೆ ವಿಷಯ ಆರಿಸುತ್ತಾರೆ. ವಿಷಯಗಳನ್ನು ಬ್ಲಾಕ್‌ಗಳಾಗಿ ಹಂಚಿರುತ್ತಾರೆ, ಒಂದು ಬ್ಲಾಕ್‌ನಿಂದ ಒಂದೇ ವಿಷಯ. ಕಂಪ್ಯೂಟರ್ ಸೈನ್ಸ್ ಮತ್ತು ಹಿಸ್ಟರಿ ಒಂದೇ ಬ್ಲಾಕ್‌ನಲ್ಲಿದ್ದರೆ ಎರಡರಲ್ಲಿ ಒಂದನ್ನು ಬಿಡಲೇಬೇಕು. ಊಟದ ಎಲೆಯಲ್ಲಿ ಪಾಯಸ ಬಡಿಸಿದರೆ ಹೋಳಿಗೆ ಇಲ್ಲ ಅಂದಂತೆ!

ಸೈನ್ಸ್ ವಿಷಯಕ್ಕೆ ಬರೋಣ. ಟ್ರಿಪಲ್ ಅಂದರೆ ಮೂರು ವಿಜ್ಞಾನ, ಮೂರು ಬೇರೆ ಗ್ರೇಡ್. ಡಬಲ್ ಅವಾರ್ಡ್ ಅಂದರೆ ಮೂರನ್ನೂ ಸ್ವಲ್ಪ ಕಡಿಮೆ ಪಾಠದಲ್ಲಿ ಓದಿ ಎರಡು ಗ್ರೇಡ್. ಡಬಲ್ ಮಾಡಿದ ಮಕ್ಕಳೂ ಎ ಲೆವೆಲ್‌ನಲ್ಲಿ ಸೈನ್ಸ್ ಓದುತ್ತಾರೆ, ಅದೇನೂ ಬಾಗಿಲು ಮುಚ್ಚಿದ ಹಾಗಲ್ಲ. ಆದರೆ ಮೊದಲ ಟರ್ಮ್‌ನಲ್ಲಿ ಏದುಸಿರು ಬಿಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ನೋಡಿದ್ದೇನೆ. ಟ್ರಿಪಲ್ ಯಾರಿಗೆ ಕೊಡುತ್ತೀರಿ, ಯಾವ ಅಂಕದ ಮೇಲೆ ಕೊಡುತ್ತೀರಿ ಎಂದು ನೇರವಾಗಿ ಕೇಳಿ.

ಪರೀಕ್ಷೆ ಯಾವ ಬೋರ್ಡಿನದು ಎನ್ನುವುದನ್ನೂ ಕೇಳಿ. ಕೇಂಬ್ರಿಜ್, ಪಿಯರ್ಸನ್ ಎಡೆಕ್ಸೆಲ್, ಆಕ್ಸ್‌ಫರ್ಡ್‌ಎಕ್ಯೂಎ ಇಲ್ಲಿ ಕಾಣುವ ಹೆಸರುಗಳು. ಒಂದೇ ಶಾಲೆಯಲ್ಲಿ ಗಣಿತಕ್ಕೆ ಒಂದು ಬೋರ್ಡ್, ಇಂಗ್ಲಿಷ್‌ಗೆ ಇನ್ನೊಂದು ಇರುವುದು ಮಾಮೂಲು. ಅದಕ್ಕೇ ಇಯರ್ 10 ಮುಗಿದ ಮೇಲೆ ಶಾಲೆ ಬದಲಿಸುವುದು ಕಷ್ಟ. ಅರ್ಧ ಓದಿದ ಪಾಠ ಹೊಸ ಶಾಲೆಯ ಬೋರ್ಡಿಗೆ ಹೊಂದುವುದಿಲ್ಲ. ಅಪ್ಪನ ಕೆಲಸ ಎರಡು ವರ್ಷಕ್ಕೊಮ್ಮೆ ಊರು ಬದಲಿಸುವಂಥದ್ದಾದರೆ ಈ ಹಂತದಲ್ಲಿ ಒಂದು ಕಡೆ ನಿಲ್ಲುವ ದಾರಿ ನೋಡಿ.

ಫಲಿತಾಂಶದ ಪೋಸ್ಟರ್‌ನಲ್ಲಿ ‘9ರಿಂದ 7 ಗ್ರೇಡ್ ಇಷ್ಟು ಶೇಕಡಾ’ ಎಂದಿರುತ್ತದೆ. 9 ಎಲ್ಲಕ್ಕಿಂತ ಮೇಲಿನದು, 7 ಅಂದರೆ ಹಳೆಯ ‘ಎ’ ಹತ್ತಿರ, 4 ಪಾಸು. ಅದನ್ನು ನೋಡಿ ಬೆರಗಾಗುವ ಮೊದಲು ಪರೀಕ್ಷೆ ಬರೆದವರು ಎಷ್ಟು ಮಕ್ಕಳು ಎಂದು ಕೇಳಿ. ಇಯರ್ 11ರಲ್ಲಿ ಇದ್ದವರಲ್ಲಿ ಎಷ್ಟು ಜನ ಅದೇ ಶಾಲೆಯಲ್ಲಿ ಇಯರ್ 12ಕ್ಕೆ ಉಳಿದರು? ಅರ್ಧಕ್ಕರ್ಧ ಬಿಟ್ಟು ಹೋಗಿದ್ದರೆ ಏನೋ ಇದೆ ಅಂತ ಅರ್ಥ. ಕೆಲವು ಹೊಸ ಶಾಲೆಗಳಲ್ಲಿ ಸಿಕ್ಸ್ತ್ ಫಾರ್ಮ್ ಇನ್ನೂ ಶುರುವಾಗಿರುವುದೇ ಇಲ್ಲ. ನಿಮ್ಮ ಮಗುವೇ ಮೊದಲ ಬ್ಯಾಚು.

ಹೆಜ್ಜೆ 5: ಫೀಸ್ ಅನ್ನು ಇಯರ್ 13ರವರೆಗೆ ಕೂಡಿಸಿ

ಸೆಕೆಂಡರಿಗೆ ವರ್ಷಕ್ಕೆ ಸುಮಾರು 30 ಸಾವಿರ ದಿರ್ಹಂ ತೆಗೆದುಕೊಳ್ಳುವ ಶಾಲೆಗಳಿವೆ, ಒಂದು ಲಕ್ಷ ದಾಟುವವೂ ಇವೆ. ಇಯರ್ ಏರಿದಂತೆ ಫೀಸೂ ಏರುತ್ತದೆ. ಹಾಗಾಗಿ ಇಯರ್ 7ರದ್ದನ್ನು ಏಳರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ಶಾಲೆಯ ಫೀಸ್ ವಿವರ ಕೆಎಚ್‌ಡಿಎ ಬಳಿ ಸಿಗುತ್ತದೆ. ಬಸ್ಸು, ಯೂನಿಫಾರ್ಮ್, ಲ್ಯಾಪ್‌ಟಾಪ್, ಪ್ರವಾಸ ಬೇರೆ. ಐಜಿಸಿಎಸ್‌ಇ ಪರೀಕ್ಷಾ ಶುಲ್ಕವೂ ಸಾಮಾನ್ಯವಾಗಿ ಬೇರೆಯೇ. ಕಂಪನಿ ಫೀಸ್ ಕೊಡುತ್ತದೆ ಅಂತ ನಿರಾಳವಾಗಿರಬೇಡಿ. ಕೆಲಸ ಬದಲಾದರೆ ಆ ಸವಲತ್ತೂ ಹೋಗುತ್ತದೆ, ಮಗು ಮಾತ್ರ ಇಯರ್ 10ರಲ್ಲೇ ಇರುತ್ತದೆ.

ಹೆಜ್ಜೆ 6: ಪರೀಕ್ಷೆ, ಭೇಟಿ, ಭಾಷೆ

ಪ್ರವೇಶಕ್ಕೆ ಹಲವು ಶಾಲೆಗಳು ಕ್ಯಾಟ್4 ಎಂಬ ಪರೀಕ್ಷೆ ಕೊಡುತ್ತವೆ. ಪದ, ಸಂಖ್ಯೆ, ಆಕೃತಿಗಳ ಮೇಲೆ ಯೋಚನಾಶಕ್ತಿ ಅಳೆಯುವಂಥದ್ದು. ಪುಸ್ತಕ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಒಂದು ಮಾದರಿ ತೋರಿಸಿ, ಹಿಂದಿನ ರಾತ್ರಿ ಬೇಗ ಮಲಗಿಸಿ.

ದುಬೈನ ಖಾಸಗಿ ಶಾಲೆಗಳಲ್ಲಿ ಅರಬ್ಬರಲ್ಲದ ಮಕ್ಕಳಿಗೂ ಇಯರ್ 10ರವರೆಗೆ ಅರಬಿ ಕಲಿಕೆ ಕಡ್ಡಾಯ. ಜೊತೆಗೆ ಫ್ರೆಂಚ್ ಅಥವಾ ಸ್ಪ್ಯಾನಿಷ್ ಇರುತ್ತದೆ. ಕನ್ನಡಕ್ಕೆ ಜಾಗ ಇರುವುದಿಲ್ಲ. ದುಬೈನಲ್ಲಿ ಕನ್ನಡ ಸಂಘದವರು ವಾರದ ರಜೆಯಲ್ಲಿ ಪುಕ್ಕಟೆ ಕನ್ನಡ ಪಾಠ ನಡೆಸುತ್ತಾರೆ. ಊರಿಗೆ ಹೋದಾಗ ಅಜ್ಜಿಯ ಜೊತೆ ಮಾತಾಡಲಿ ಅನ್ನುವವರು ಅಲ್ಲಿ ಹೆಸರು ಬರೆಸಿ.

ಶಾಲೆಗೆ ಭೇಟಿ ಕೊಡುವುದಾದರೆ ಓಪನ್ ಡೇ ಬಿಟ್ಟು ಮಾಮೂಲಿ ಮಂಗಳವಾರ ಹೋಗಿ. ಮನೆಯಿಂದ ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೇ ಹೊರಡಿ. ಶಾರ್ಜಾದಿಂದ ದುಬೈಗೆ ಆ ಹೊತ್ತಿನಲ್ಲಿ ಒಮ್ಮೆ ಕಾರು ಓಡಿಸಿದರೆ ಪಟ್ಟಿಯಿಂದ ಎರಡು ಶಾಲೆ ತಾನಾಗಿಯೇ ಹೊರಗೆ ಬೀಳುತ್ತವೆ.

ಕೊನೆಗೆ ಟಿಸಿ. ಊರಿನ ಶಾಲೆಯ ವರ್ಗಾವಣೆ ಪತ್ರಕ್ಕೆ ಅಟೆಸ್ಟೇಷನ್, ಅಂದರೆ ಸರ್ಕಾರಿ ಕಚೇರಿಗಳ ದೃಢೀಕರಣ ಬೇಕಾಗುತ್ತದೆ. ಯಾವ ಯಾವ ಮುದ್ರೆ ಎಂದು ಸೇರಬೇಕಾದ ಶಾಲೆಯಿಂದಲೇ ಬರೆಸಿಕೊಂಡು ಊರಲ್ಲಿದ್ದಾಗಲೇ ಮುಗಿಸಿ ವಿಮಾನ ಹತ್ತಿ. ಇಲ್ಲಿಗೆ ಬಂದ ಮೇಲೆ ಆ ಕಾಗದವನ್ನು ಮತ್ತೆ ಊರಿಗೆ ಕಳಿಸಿ, ಮಾವನವರನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸಿದ್ದು ನಮ್ಮನೆಯಲ್ಲಿ ಇಂದಿಗೂ ದೊಡ್ಡ ಕಥೆ.